ಓದುಗರ ಸ್ಪಂದನ: ಕನ್ನಡ ಶಾಲೆಯಿಂದ ಇಂಟರ್‌ನ್ಯಾಷನಲ್ ಶಾಲೆಗೆ ಹೋದ ಮಗಳು

ಸಮಸ್ಯೆ: ಶಿರಸಿ ಹತ್ತಿರದ ತಾಯಿಯೊಬ್ಬರು ಹೀಗೆ ಬರೆದಿದ್ದರು. ಏಳನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದ ಮಗಳನ್ನು ಬೆಂಗಳೂರಿನ ಇಂಟರ್‌ನ್ಯಾಷನಲ್ ವಸತಿಶಾಲೆಗೆ ಸೇರಿಸಿದ್ದೇವೆ. ಈಗ ಒಂಬತ್ತನೆಯ ತರಗತಿ, ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಗೆ ಸಮನಾದ ಪರೀಕ್ಷೆ) ಪಠ್ಯಕ್ರಮ. ಅಂಕ ಇಳಿದಿದೆ. ಭಾನುವಾರ ರಾತ್ರಿ ಫೋನಿನಲ್ಲಿ ಅಳುತ್ತಾಳೆ, ಹೊಟ್ಟೆನೋವು ಅನ್ನುತ್ತಾಳೆ. ಗಣಿತದಲ್ಲಿ ಸುಲಭದ ಹಂತವಾದ ‘ಕೋರ್’ ಸಾಕು ಎಂದು ಶಾಲೆಯವರು ಹೇಳುತ್ತಿದ್ದಾರೆ. ಮುಂದೆ ಪಿಯುಸಿ ವಿಜ್ಞಾನ ಓದಿಸುವ ಆಸೆ. ವಾಪಸು ಕರೆತಂದು ಎಸ್ಸೆಸ್ಸೆಲ್ಸಿ ಬರೆಸುವುದೇ?

ತಂಗೀ, ಮಗಳಿಗೆ ಪಾಠ ತಿಳಿಯುತ್ತಿಲ್ಲವೋ, ಪ್ರಶ್ನೆಯ ಇಂಗ್ಲಿಷ್ ತಿಳಿಯುತ್ತಿಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಿ. ತಿದ್ದಿದ ಉತ್ತರಪತ್ರಿಕೆ ತರಿಸಿಕೊಳ್ಳಿ. ಅವಳು ತಪ್ಪಿದ ಐದಾರು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿಸಿ. ನಿಮಗೆ ಆಗದಿದ್ದರೆ ಅವಳ ಹಳೆಯ ಮೇಷ್ಟ್ರು ಕೇಳಲಿ. ಸರಿಯಾಗಿ ಹೇಳಿದಳೆಂದರೆ ಕೊರತೆ ಬುದ್ಧಿಯದಲ್ಲ, ಭಾಷೆಯದು. ಗೆಳತಿಯರ ಜೊತೆ ಹರಟುವ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬರುತ್ತದೆ. ಪಾಠದ ಇಂಗ್ಲಿಷ್ ಗಟ್ಟಿಯಾಗಲು ಐದರಿಂದ ಏಳು ವರ್ಷ ಬೇಕೆಂದು ಭಾಷಾತಜ್ಞ ಜಿಮ್ ಕಮಿನ್ಸ್ ತೋರಿಸಿಕೊಟ್ಟಿದ್ದಾರೆ. ಎರಡನೇ ವರ್ಷದಲ್ಲಿರುವ ಹುಡುಗಿ ಮಾತಿನಲ್ಲಿ ಚುರುಕಾಗಿದ್ದು ಬರವಣಿಗೆಯಲ್ಲಿ ಸೋಲುವುದು ಸಹಜ. ಮೇಷ್ಟ್ರುಗಳು ಅವಳ ಮಾತು ಕೇಳಿ ‘ಇಂಗ್ಲಿಷ್ ಬರುತ್ತದಲ್ಲ’ ಎಂದು ಬಿಟ್ಟುಬಿಡುತ್ತಾರೆ.

ಐಜಿಸಿಎಸ್‌ಇ ವಿಜ್ಞಾನದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಒಂದೇ ಕಡೆ. ಕಿಣ್ವದ ವೇಗಕ್ಕೂ ಉಷ್ಣತೆಗೂ ಇರುವ ಗ್ರಾಫ್ ಕೊಟ್ಟು ‘ಡಿಸ್ಕ್ರೈಬ್’ ಎಂದು ಕೇಳಿದರೆ, ವೇಗ ಎಷ್ಟು ಡಿಗ್ರಿಯವರೆಗೆ ಏರಿತು, ಎಲ್ಲಿಂದ ಇಳಿಯಿತು ಎಂದು ಗ್ರಾಫಿನ ಅಂಕಿ ಸಮೇತ ಬರೆಯಬೇಕು. ‘ಎಕ್ಸ್‌ಪ್ಲೇನ್’ ಎಂದರೆ ಕಾರಣ ಬೇಕು: ಬಿಸಿಗೆ ಕಿಣ್ವದ ಸಕ್ರಿಯ ತಾಣದ ಆಕಾರ ಕೆಟ್ಟು ವಸ್ತು ಅದಕ್ಕೆ ಕೂಡುವುದಿಲ್ಲ. ಮೊದಲನೆಯದಕ್ಕೆ ಎರಡನೆಯ ಉತ್ತರ ಎಷ್ಟು ಚೆಂದ ಬರೆದರೂ ಅಂಕ ಇಲ್ಲ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಬಂದ ಮಕ್ಕಳು ಇಲ್ಲೇ ಎಡವುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ, ಅಂಕ ಹಂಚಿಕೆ, ಪರೀಕ್ಷಕರ ವರದಿ ಮೂರನ್ನೂ ಶಾಲೆಯಿಂದ ಕೇಳಿ ಪಡೆಯಿರಿ; ವಾರಕ್ಕೊಂದು ಪತ್ರಿಕೆ ಬಿಡಿಸಿ ಅವಳೇ ತಿದ್ದಿಕೊಳ್ಳಲಿ. ಮನೆಮಾತನ್ನು ಮಾತ್ರ ನಿಲ್ಲಿಸಬೇಡಿ. ಕನ್ನಡದಲ್ಲಿ ಅರ್ಥವಾದದ್ದು ಇಂಗ್ಲಿಷಿಗೆ ಬೇಗ ದಾಟುತ್ತದೆ.
– ವಿಜ್ಞಾನ ಶಿಕ್ಷಕಿ, ಕುಮಟಾ

ಗಣಿತದ ಬಗ್ಗೆ ಶಾಲೆಯ ಮಾತಿಗೆ ಈಗಲೇ ಹೂಂ ಅನ್ನಬೇಡಿ. ಕೋರ್ ತೆಗೆದುಕೊಂಡವರಿಗೆ ಸಿಗಬಹುದಾದ ಗರಿಷ್ಠ ಗ್ರೇಡ್ ಸಿ. ಎಷ್ಟೇ ಚೆನ್ನಾಗಿ ಬರೆದರೂ ಅದರ ಮೇಲೆ ಹೋಗುವುದಿಲ್ಲ. ಅದಕ್ಕಿಂತ ಮೇಲಿನ ಹಂತವಾದ ಎಕ್ಸ್‌ಟೆಂಡೆಡ್‌ನಲ್ಲಿ ಎ ಸ್ಟಾರ್‌ನಿಂದ ಇ ವರೆಗೆ ಇದೆ, ಇ ಗಿಂತ ಕೆಳಗಾದರೆ ಗ್ರೇಡೇ ಇಲ್ಲ. ಶಾಲೆಯವರ ಅಂಜಿಕೆ ಇದೇ, ಅದರಲ್ಲಿ ತಪ್ಪಿಲ್ಲ. ಆದರೆ ಯಾವ ಹಂತ ಎಂದು ಕೇಂಬ್ರಿಡ್ಜ್‌ಗೆ ತಿಳಿಸುವುದು ಪರೀಕ್ಷೆಗೆ ಹೆಸರು ನೋಂದಾಯಿಸುವಾಗ. ಆ ಕೊನೆಯ ದಿನ ಯಾವುದು, ಅಲ್ಲಿಯವರೆಗೆ ಎಕ್ಸ್‌ಟೆಂಡೆಡ್ ಪಾಠಕ್ಕೇ ಕೂರಿಸುತ್ತೀರಾ ಎಂದು ಇ-ಮೇಲ್‌ನಲ್ಲಿ ಕೇಳಿ. ಒಮ್ಮೆ ಕೋರ್ ಗುಂಪಿಗೆ ಹೋದರೆ ಹೆಚ್ಚುವರಿ ಪಾಠಗಳೇ ತಪ್ಪಿಹೋಗಿ ಹಿಂದಿರುಗುವುದು ಕಷ್ಟ. 2025ರಿಂದ ಗಣಿತದ ಎರಡು ಪತ್ರಿಕೆಗಳಲ್ಲಿ ಒಂದಕ್ಕೆ ಕ್ಯಾಲ್ಕುಲೇಟರ್ ಇಲ್ಲ. ಮಗ್ಗಿ, ಭಿನ್ನರಾಶಿ ಕೈಗೆ ಕೂತಿರುವ ಮಗುವಿಗೆ ಅದು ವರವೇ.

ಪಿಯುಸಿಯ ಆಸೆ ಇದ್ದರೆ ಇನ್ನೊಂದು ತೊಡಕು ನೋಡಿ. ಮೇ–ಜೂನ್ ಪರೀಕ್ಷಾ ಸರಣಿಯಲ್ಲಿ ಬರೆದವರ ಫಲಿತಾಂಶ ಬರುವುದು ಆಗಸ್ಟ್‌ನಲ್ಲಿ. ಅಷ್ಟೊತ್ತಿಗೆ ಇಲ್ಲಿನ ಕಾಲೇಜುಗಳಲ್ಲಿ ಪಾಠ ಶುರುವಾಗಿರುತ್ತದೆ. ಭಾರತದ ಶಾಲೆಗಳಿಗೆ ಮಾರ್ಚ್ ಸರಣಿಯೂ ಇದೆ, ಅದರ ಫಲಿತಾಂಶ ಮೇ ತಿಂಗಳಲ್ಲೇ ಸಿಗುತ್ತದೆ. ನಿಮ್ಮ ಶಾಲೆ ಯಾವುದಕ್ಕೆ ಕೂರಿಸುತ್ತದೆ? ಭೌತ, ರಸಾಯನ, ಜೀವಶಾಸ್ತ್ರಗಳನ್ನು ಬೇರೆಬೇರೆಯಾಗಿ ತೆಗೆದುಕೊಂಡಿದ್ದಾಳೆಯೇ? ಬೇರೆ ಬೋರ್ಡಿನಿಂದ ಪಿಯುಸಿಗೆ ಬರುವವರು ಪಡೆಯಬೇಕಾದ ಅರ್ಹತಾ ಪತ್ರಕ್ಕೆ ಏನೇನು ಬೇಕೆಂದು ಸೇರಿಸಬೇಕೆಂದಿರುವ ಕಾಲೇಜಿನಲ್ಲಿ ಈ ವರ್ಷವೇ ವಿಚಾರಿಸಿ.
– ಗಣಿತ ಬೋಧಕ, ಕಾರವಾರ

ಕರೆತರುವುದಾದರೆ ಒಂಬತ್ತು ಮುಗಿದ ಕೂಡಲೇ ಕರೆತನ್ನಿ, ಹತ್ತರ ನಡುವೆ ಬೇಡ. ಟಿ.ಸಿ.ಯಲ್ಲಿ ಅವಳ ಹಳೆಯ ಎಸ್‌ಎಟಿಎಸ್ ಸಂಖ್ಯೆಯೇ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿರುವ ವಿದ್ಯಾರ್ಥಿ ಸಂಖ್ಯೆ) ಇದೆಯೇ ನೋಡಿಕೊಳ್ಳಿ. ಬೇಸಿಗೆ ರಜೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಓದಿಸಬೇಕಾಗುತ್ತದೆ, ಅಲ್ಲಿ ಇವೆರಡರ ಅಭ್ಯಾಸ ತಪ್ಪಿರುತ್ತದೆ. ವಾಪಸು ಬರುವುದನ್ನು ಸೋಲು ಎಂದು ಮನೆಯಲ್ಲಿ ಯಾರೂ ಆಡಬಾರದು.
– ಪ್ರೌಢಶಾಲಾ ಶಿಕ್ಷಕ, ಸಿದ್ದಾಪುರ

ಅಕ್ಕಾ, ಅಂಕಕ್ಕಿಂತ ಮೊದಲು ಆ ಹೊಟ್ಟೆನೋವು. ವೈದ್ಯರಿಗೆ ತೋರಿಸಿ, ರಕ್ತಹೀನತೆ, ಮುಟ್ಟಿನ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಎರಡು ವಾರ ಬರೆದಿಡಿ: ಯಾವ ದಿನ, ಎಷ್ಟು ಹೊತ್ತಿಗೆ, ಮರುದಿನ ಯಾವ ಪಾಠ. ಭಾನುವಾರ ರಾತ್ರಿ ಮಾತ್ರ ಬಂದು ರಜೆಯಲ್ಲಿ ಇಲ್ಲವಾದರೆ ಸೋಮವಾರದಲ್ಲಿ ಏನೋ ಇದೆ. ಈ ಪಟ್ಟಿಯನ್ನೇ ಶಾಲೆಯ ಆಪ್ತಸಮಾಲೋಚಕರಿಗೆ ಕೊಡಿ. ವಾರಕ್ಕೆ ಎಷ್ಟು ಸಲ ನೋಡುತ್ತಾರೆ, ಮಗಳು ಹೇಳಿದ್ದರಲ್ಲಿ ಯಾವುದು ಗುಟ್ಟಾಗಿರುತ್ತದೆ, ಯಾವುದನ್ನು ನಿಮಗೆ ತಿಳಿಸುತ್ತಾರೆ, ಕನ್ನಡದಲ್ಲಿ ಮಾತಾಡಬಹುದೇ ಎಂದು ಕೇಳಿ. ಅಳು ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ಬರುವುದಿಲ್ಲ.

‘ಹೇಗಿದ್ದೀಯೇ’ ಎಂದರೆ ‘ಆರಾಮು’ ಎಂದೇ ಬರುತ್ತದೆ. ‘ಇವತ್ತು ಊಟಕ್ಕೆ ಯಾರ ಜೊತೆ ಕೂತಿದ್ದೆ, ಆಟದಲ್ಲಿ ಯಾರು ಕರೆದರು’ ಎಂದು ಕೇಳಿ. ಎರಡು ವಾರ ಒಂದೇ ಹೆಸರೂ ಬರದಿದ್ದರೆ ವಾರ್ಡನ್ ಜೊತೆ ಮಾತಾಡಿ. ಯಾರಾದರೂ ಕಾಡುತ್ತಿದ್ದರೆ ದೂರು ಬರವಣಿಗೆಯಲ್ಲೇ ಇರಲಿ. ಮನೆಯ ನೆನಪು ಮಲಗುವ ಹೊತ್ತಿಗೆ ಹೆಚ್ಚು, ಹಾಗಾಗಿ ಫೋನ್ ಸಂಜೆಗೆ ಬದಲಿಸಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು; ಓದಿನ ವೇಳೆ ಅದನ್ನು ತಿನ್ನುತ್ತಿದೆಯೇ ನೋಡಿ. ‘ನಾಳೆ ಬಂದು ಕರಕೊಂಡು ಹೋಗ್ತೆ’ ಎಂದು ಸಮಾಧಾನಕ್ಕೆ ಹೇಳಬೇಡಿ. ಮುಂದಿನ ಭೇಟಿಯ ತಾರೀಕು ಹೇಳಿ, ಆ ದಿನ ತಪ್ಪದೆ ಹೋಗಿ.

ಬದುಕು ಬೇಡ ಎಂಬರ್ಥದ ಮಾತು ಒಮ್ಮೆ ಬಂದರೂ ಕಾಯಬೇಡಿ. ಕೂಡಲೇ ವಾರ್ಡನ್‌ಗೆ ತಿಳಿಸಿ ಅವಳನ್ನು ಒಂಟಿ ಬಿಡದಂತೆ ಹೇಳಿ, ನೀವು ಹೊರಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಕನ್ನಡದಲ್ಲಿ ಸಿಗುತ್ತದೆ, ಹಣವಿಲ್ಲ; ಹೆತ್ತವರೂ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098. ಇನ್ನೊಂದು ಮಾತು: ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುತ್ತವೆ. ನಿಮ್ಮ ಫೋನ್ ಸಿಗದಾಗ ಮಾತಾಡಲು ಶಿರಸಿ ಪೇಟೆಯಲ್ಲಿರುವ ನೆಂಟರೊಬ್ಬರ ನಂಬರನ್ನೂ ವಾರ್ಡನ್ ಹತ್ತಿರ ಬರೆಸಿಡಿ.
– ಆಪ್ತಸಮಾಲೋಚಕಿ, ಹೊನ್ನಾವರ