ಚಟುವಟಿಕೆ ಮಾಡಿಸಿದರೂ ಪಾಠ ಉಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಏಳನೇ ತರಗತಿಯ ಶಿಕ್ಷಕಿ):
ನಮ್ಮ ಶಾಲೆಯಲ್ಲಿ ಎಲ್ಲವನ್ನೂ ಮಾಡಿಸಿಯೇ ಕಲಿಸಬೇಕು. ಲೋಲಕದ (ದಾರಕ್ಕೆ ಭಾರ ಕಟ್ಟಿ ತೂಗಾಡಿಸುವ ಪೆಂಡುಲಮ್) ಪಾಠಕ್ಕೆ ದಾರ, ಕಲ್ಲು, ಸ್ಟಾಪ್‌ವಾಚ್ ಕೊಟ್ಟೆ. ಮಕ್ಕಳು ಖುಷಿಯಿಂದ ಮಾಡಿದರು. ಮರುದಿನ "ಜಾಸ್ತಿ ಭಾರ ಕಟ್ಟಿದರೆ ಏನಾಗುತ್ತದೆ?" ಅಂತ ಕೇಳಿದರೆ ಅರ್ಧ ತರಗತಿ "ಬೇಗ ತೂಗುತ್ತದೆ" ಅಂದಿತು. ಭಾರ ಬದಲಾದರೂ ಸಮಯ ಬದಲಾಗುವುದಿಲ್ಲ ಅಂತ ತಾವೇ ಅಳೆದು ನೋಡಿದ್ದರಲ್ಲ! ಬೋರ್ಡ್ ಮೇಲೆ ಬರೆದು ಹೇಳಿಕೊಡುವುದೇ ವಾಸಿಯಾ?

ಉತ್ತರ (ನಿವೃತ್ತ ವಿಜ್ಞಾನ ಮೇಷ್ಟ್ರು):
ಬಿಡಬೇಡಿ ಮೇಡಂ. ಆ ಪ್ರಶ್ನೆಯನ್ನು ದಾರ ಕೊಡುವ ಮೊದಲೇ ಕೇಳಿ. ಪ್ರತಿ ಮಗುವೂ ತನ್ನ ಊಹೆಯನ್ನು, ಯಾಕೆ ಹಾಗನ್ನಿಸಿತು ಅನ್ನುವುದನ್ನು ಬರೆದಿಡಲಿ. ಬರೆದದ್ದಕ್ಕಿಂತ ಬೇರೆ ಉತ್ತರ ಬಂದರೆ ಮಗು ಸುಮ್ನೆ ಕೂರುವುದಿಲ್ಲ.

ಭಾರ, ಉದ್ದ ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಲಿ. ಹತ್ತು ಸಲ ಹೋಗಿ ಬರುವ ಸಮಯ ಅಳೆದು ಹತ್ತರಿಂದ ಭಾಗಿಸಲಿ. ಕಲ್ಲು ಅಂದಿರಲ್ಲ, ಅಲ್ಲೊಂದು ತೊಡಕಿದೆ. ದೊಡ್ಡ ಕಲ್ಲಿನ ನಡುಭಾಗ ಗಂಟಿನಿಂದ ಜಾಸ್ತಿ ಕೆಳಗಿರುತ್ತದೆ. ಗಂಟಿನವರೆಗೆ ಮಾತ್ರ ಅಳೆದರೆ ಉದ್ದ ಒಂದೇ ಅನ್ನಿಸುತ್ತದೆ, ಆದರೆ ಒಂದೇ ಅಲ್ಲ. ಸಮಯ ಬೇರೆ ಬರುತ್ತದೆ, ಮಕ್ಕಳು ಅದನ್ನು ಭಾರದ ತಲೆಗೆ ಕಟ್ಟುತ್ತಾರೆ. ಒಂದೇ ಗಾತ್ರದ ಗಾಜಿನ ಗುಂಡು, ಉಕ್ಕಿನ ಗುಂಡು ಸಿಕ್ಕರೆ ಒಳ್ಳೆಯದು.

ನನಗೆ ತುಂಬಾ ಇಷ್ಟವಾದದ್ದು ಉದ್ದದ ಪ್ರಯೋಗ. 25 ಸೆಂಟಿಮೀಟರ್ ಲೋಲಕ ಹೋಗಿ ಬರಲು ಸುಮಾರು 1 ಸೆಕೆಂಡ್ ಬೇಕು. 1 ಮೀಟರ್ ಮಾಡಿದರೆ? ಹೆಚ್ಚಿನವರು 4 ಸೆಕೆಂಡ್ ಅಂತ ಬರೆಯುತ್ತಾರೆ. ಬರುವುದು 2. ಆಗ ತರಗತಿಯಲ್ಲಿ ಶುರುವಾಗುವ ವಾದ ಇದೆಯಲ್ಲ, ಅದನ್ನು ನಿಲ್ಲಿಸಬೇಡಿ. ಪೀರಿಯಡ್ಡಿನ ಕೊನೆಯ ಭಾಗವನ್ನು ಅದಕ್ಕೇ ಇಡಿ.

ಉತ್ತರ (ಪ್ರೌಢಶಾಲಾ ಗಣಿತ ಶಿಕ್ಷಕ):
ಮಕ್ಕಳೇ ಎಲ್ಲ ಕಂಡುಕೊಳ್ಳಲಿ ಅಂತ ಬಿಟ್ಟರೆ ಆಗುವುದಿಲ್ಲ ಸರ್. ಹೊಸಬರಿಗೆ ಮಾರ್ಗದರ್ಶನ ಕಡಿಮೆಯಾದರೆ ತಲೆಗೆ ಹೊರೆ ಜಾಸ್ತಿಯಾಗುತ್ತದೆ ಅಂತ 2006ರಲ್ಲೇ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನುವ ಶಿಕ್ಷಣ ಸಂಶೋಧಕರು ಬರೆದಿದ್ದಾರೆ.

ಉತ್ತರ (ನಿವೃತ್ತ ವಿಜ್ಞಾನ ಮೇಷ್ಟ್ರು):
ನಿಜ. ಅದಕ್ಕೇ ಪ್ರಶ್ನೆ ಮೇಷ್ಟ್ರದ್ದೇ ಆಗಿರಬೇಕು ಅನ್ನುತ್ತೇನೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋದಲ್ಲಿ ಶಾಲೆ ಶುರು ಮಾಡಿದರು. ಅಲ್ಲಿ ಮಕ್ಕಳು ಬೀಜದಿಂದ ಹತ್ತಿಯನ್ನು ಕೈಯಿಂದಲೇ ಬಿಡಿಸಿದರು. ಅರ್ಧ ಗಂಟೆ ಬಿಡಿಸಿದರೂ ಒಂದು ಔನ್ಸ್ (ಸುಮಾರು 28 ಗ್ರಾಂ) ಕೂಡ ಆಗಲಿಲ್ಲ. ಹಿಂದಿನವರು ಹತ್ತಿಗಿಂತ ಉಣ್ಣೆಯನ್ನು ಯಾಕೆ ಜಾಸ್ತಿ ಉಡುತ್ತಿದ್ದರು ಅನ್ನುವುದು ಆಗ ಅರ್ಥವಾಯಿತು. ಆ ಪ್ರಶ್ನೆ ಇಲ್ಲದಿದ್ದರೆ ಅದು ಬರೀ ಹತ್ತಿ ಬಿಡಿಸುವ ಕೆಲಸ. ಅನುಭವ ಆದ ಮಾತ್ರಕ್ಕೆ ಕಲಿಕೆ ಆಗಿಬಿಡುವುದಿಲ್ಲ ಅಂತ ಡ್ಯೂಯಿ ಅವರೇ 1938ರಲ್ಲಿ ಎಚ್ಚರಿಸಿದ್ದರು.

ಶಿಕ್ಷಕಿ:
ಸರ್, ಗುಂಪಿನಲ್ಲಿ ಒಬ್ಬರೇ ಎಲ್ಲ ಮಾಡುತ್ತಾರೆ, ಉಳಿದವರು ನೋಡುತ್ತಾರೆ. ಅದಕ್ಕೇನು ಮಾಡಲಿ?

ನಿವೃತ್ತ ಮೇಷ್ಟ್ರು:
ಮೂವರ ಗುಂಪು ಮಾಡಿ. ಒಬ್ಬರು ಲೋಲಕ ಬಿಡುವುದು, ಒಬ್ಬರು ಸಮಯ ನೋಡುವುದು, ಒಬ್ಬರು ಬರೆಯುವುದು. ಪ್ರತಿ ಅಳತೆಗೂ ಕೆಲಸ ಬದಲಾಗಲಿ. ಕೊನೆಗೆ ಉತ್ತರ ಯಾರು ಹೇಳಬೇಕು ಅನ್ನುವುದನ್ನು ನೀವೇ ಆರಿಸಿ, ಮೊದಲೇ ಹೇಳಬೇಡಿ.