ಐಡಲ್‌ನಲ್ಲಿ ಎಂಜಿನ್ ರಿಚ್, ಪಿ0172 ಕೋಡ್: ಹೆಚ್ಚುವರಿ ಪೆಟ್ರೋಲ್ ಎಲ್ಲಿಂದ ಬರುತ್ತಿದೆ?

ಪ್ರಶ್ನೆ

ನನ್ನದು ನಾಲ್ಕು ಸಿಲಿಂಡರಿನ, ಮಲ್ಟಿ ಪಾಯಿಂಟ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರು. ಕೆಲವು ವಾರಗಳಿಂದ ಮೈಲೇಜ್ ಇಳಿದಿದೆ, ಸೈಲೆನ್ಸರಿನ ಬಾಯಲ್ಲಿ ಒಣ ಕಪ್ಪು ಮಸಿ ಕಟ್ಟುತ್ತಿದೆ. ಬಿಸಿಯಾದ ಎಂಜಿನ್ ನಿಲ್ಲಿಸಿ ಕಾಲು ಗಂಟೆಯ ನಂತರ ಸ್ಟಾರ್ಟ್ ಮಾಡಲು ಹೋದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆ. ಸ್ಟಾರ್ಟ್ ಆದ ಮೇಲೂ ಸ್ವಲ್ಪ ಹೊತ್ತು ಅದುರುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ. ಚೆಕ್ ಎಂಜಿನ್ ದೀಪ ಹೊತ್ತಿದ್ದು, ಸ್ಕ್ಯಾನರಿನಲ್ಲಿ ಪಿ0172 ಕೋಡ್ ಮಾತ್ರ ಕಾಣುತ್ತದೆ. ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. ಈಗ ಆಕ್ಸಿಜನ್ ಸೆನ್ಸರ್ ಬದಲಾಯಿಸುವಂತೆ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅದು ಸರಿಯೇ?

ಉತ್ತರ

ಸೆನ್ಸರ್ ಕೊಳ್ಳುವುದನ್ನು ಸದ್ಯಕ್ಕೆ ತಡೆಯಿರಿ. ಪಿ0172 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ (ರಿಚ್), ಅದನ್ನು ಕಡಿತಗೊಳಿಸುವ ತನ್ನ ಮಿತಿ ಮುಗಿಯುತ್ತ ಬಂದಿದೆ ಎಂದು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೇಳುತ್ತಿದೆ ಎಂದರ್ಥ. ಎಕ್ಸಾಸ್ಟ್ ಹೊಗೆಯಲ್ಲಿನ ಆಮ್ಲಜನಕವನ್ನು ಗಮನಿಸಿ ಆ ಸುದ್ದಿಯನ್ನು ತಂದ ಸೆನ್ಸರನ್ನೇ ಮೊದಲು ಅನುಮಾನಿಸುವ ಅಭ್ಯಾಸ ವ್ಯಾಪಕವಾಗಿದೆ, ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ನಿಜವನ್ನೇ ಹೇಳುತ್ತಿರುತ್ತದೆ. ಏರ್ ಫಿಲ್ಟರ್ ಕೂಡ ಕಾರ್ಬ್ಯುರೇಟರ್ ಕಾಲದ ಅನುಮಾನ. ಒಳಬರುವ ಗಾಳಿಯನ್ನು ಅಳೆದು ಪೆಟ್ರೋಲ್ ಕೊಡುವ ವ್ಯವಸ್ಥೆಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಎಳೆತ ಕುಗ್ಗುತ್ತದೆಯೇ ಹೊರತು ಮಿಶ್ರಣ ಸಾಮಾನ್ಯವಾಗಿ ರಿಚ್ ಆಗುವುದಿಲ್ಲ.

ಮೊದಲು ತಿಳಿಯಬೇಕಾದದ್ದು ಒಂದೇ: ಈ ಹೆಚ್ಚುವರಿ ಪೆಟ್ರೋಲನ್ನು ಇಸಿಯು ಕೇಳಿ ಪಡೆಯುತ್ತಿದೆಯೇ, ಅಥವಾ ಕೇಳದೆಯೇ ಬರುತ್ತಿದೆಯೇ? ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವ ಸ್ಥಿತಿಯಾದ ಐಡಲ್‌ನಲ್ಲಿ ಮತ್ತು 2500 ಆರ್‌ಪಿಎಂನಲ್ಲಿ, ಶಾರ್ಟ್ ಟರ್ಮ್ (ಆ ಕ್ಷಣದ) ಹಾಗೂ ಲಾಂಗ್ ಟರ್ಮ್ (ದೀರ್ಘಕಾಲದ) ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಕೂಡಿಸುತ್ತಿದೆ (+) ಅಥವಾ ಕಳೆಯುತ್ತಿದೆ (-) ಎಂಬ ಲೆಕ್ಕ, ಕೂಲೆಂಟ್ ತಾಪಮಾನ ಮತ್ತು ಮುಂದಿನ (ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವ) ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ ಬರೆದು ತಿಳಿಸಿ.

ಪ್ರಶ್ನೆ ಕೇಳಿದವರು

ಐಡಲ್‌ನಲ್ಲಿ ಲಾಂಗ್ ಟರ್ಮ್ -18, ಶಾರ್ಟ್ ಟರ್ಮ್ -6 ಶೇಕಡಾ. 2500 ಆರ್‌ಪಿಎಂನಲ್ಲಿ ಎರಡೂ ಸೇರಿ -5ರ ಆಸುಪಾಸು. ಕೂಲೆಂಟ್ 89 ಡಿಗ್ರಿ. ಸೆನ್ಸರ್ ವೋಲ್ಟೇಜ್ 0.1 ಮತ್ತು 0.8ರ ನಡುವೆ ಮೇಲೆ ಕೆಳಗೆ ಆಡುತ್ತಿದೆ.

ಉತ್ತರ

ಇಷ್ಟರಿಂದಲೇ ಅರ್ಧ ದಾರಿ ಸಾಗಿದಂತಾಯಿತು. ಕೂಲೆಂಟ್ ಸೆನ್ಸರ್ ಕೆಟ್ಟು ಎಂಜಿನ್ ಇನ್ನೂ ತಣ್ಣಗಿದೆ ಎಂದು ವರದಿ ಮಾಡುತ್ತಿದ್ದರೆ, ಅಥವಾ ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಬಿಸಿಯಾಗದಿದ್ದರೆ, ಇಸಿಯು ತಾನಾಗಿಯೇ ಹೆಚ್ಚು ಪೆಟ್ರೋಲ್ ಕೊಡುತ್ತಿತ್ತು. 89 ಡಿಗ್ರಿ ಆ ಅನುಮಾನವನ್ನು ತೆಗೆದುಹಾಕುತ್ತದೆ. ವೋಲ್ಟೇಜ್ ರಿಚ್ ಮತ್ತು ಲೀನ್ (ಪೆಟ್ರೋಲ್ ಕಡಿಮೆ) ನಡುವಿನ ಗಡಿಯಾದ 0.45ರ ಆಚೀಚೆ ಆಡುತ್ತಿರುವುದರಿಂದ ಇಸಿಯು ಕಡಿತ ಮಾಡಿ ಮಿಶ್ರಣವನ್ನು ಸರಿಯಾದ ಗಾಳಿ-ಪೆಟ್ರೋಲ್ ಅನುಪಾತವಾದ 14.7:1ರ ಹತ್ತಿರ ತರುವಲ್ಲಿ ಸದ್ಯ ಯಶಸ್ವಿಯಾಗುತ್ತಿದೆ. ಖಚಿತಪಡಿಸಿಕೊಳ್ಳಬೇಕೆಂದಿದ್ದರೆ, ಐಡಲ್‌ನಲ್ಲಿ ಒಂದು ಸಣ್ಣ ವ್ಯಾಕ್ಯೂಮ್ ಹೋಸ್ ಕಳಚಿ, ಹೆಚ್ಚುವರಿ ಗಾಳಿ ಒಳಬಿಟ್ಟು ನೋಡಿ. ವೋಲ್ಟೇಜ್ ಆ ಕ್ಷಣವೇ 0.2ಕ್ಕಿಂತ ಕೆಳಗೆ ಬಿದ್ದರೆ ಸೆನ್ಸರ್ ಸರಿಯಿದೆ. ಮಸಿ ಕಟ್ಟುತ್ತಿದ್ದರೂ ಟ್ರಿಮ್ ಸೊನ್ನೆಯ ಸುತ್ತ ಅಥವಾ ಧನಾತ್ಮಕವಾಗಿ ನಿಂತಿದ್ದರೆ ಮಾತ್ರ ಸೆನ್ಸರನ್ನು, ಇಲ್ಲವೇ ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಪೈಪಿನಲ್ಲಿರುವ ಬಿರುಕನ್ನು, ಶಂಕಿಸಬೇಕಾಗಿತ್ತು. ಅಂಥ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಎಳೆಯಲ್ಪಟ್ಟು, ಸೆನ್ಸರ್ ಅದನ್ನು ಲೀನ್ ಎಂದು ಓದುತ್ತದೆ.

ನಿಮ್ಮ ಅಂಕಿಗಳಲ್ಲಿ ಹೆಚ್ಚು ಮಾತನಾಡುವುದು ಐಡಲ್ ಮತ್ತು 2500ರ ನಡುವಿನ ಅಂತರ. ಐಡಲ್‌ನಲ್ಲಿ ಎಂಜಿನ್ ಬಳಸುವ ಪೆಟ್ರೋಲ್ ಬಹಳ ಕಡಿಮೆ. ಆದ್ದರಿಂದ ಸದಾ ಒಂದೇ ಪ್ರಮಾಣದಲ್ಲಿ ಸೋರುವ ಪೆಟ್ರೋಲ್ ಅಲ್ಲಿ ದೊಡ್ಡ ಪಾಲಾಗಿ ಕಾಣುತ್ತದೆ, ವೇಗ ಹೆಚ್ಚಿದಂತೆ ಕರಗಿಹೋಗುತ್ತದೆ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯೂಯಲ್ ರೈಲಿನಲ್ಲಿ ಒತ್ತಡವೇ ಹೆಚ್ಚಾಗಿದ್ದರೆ 2500ರಲ್ಲೂ ಟ್ರಿಮ್ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಆದ್ದರಿಂದ ಈಗ ಉಳಿದಿರುವುದು ಸೋರುವ ಇಂಜೆಕ್ಟರ್, ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್), ರೈಲಿನ ಒತ್ತಡವನ್ನು ಹಿಡಿದಿಡುವ ಪ್ರೆಶರ್ ರೆಗ್ಯುಲೇಟರಿನ ಹರಿದ ಡಯಾಫ್ರಂ (ಒಳಪರದೆ) ಮತ್ತು ಪೆಟ್ರೋಲ್ ಬೆರೆತ ಎಂಜಿನ್ ಆಯಿಲ್.

ಪರ್ಜ್ ವಾಲ್ವಿನಿಂದ ಇನ್ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗೆ) ಹೋಗುವ ಹೋಸ್ ತೆಗೆದು ಎರಡೂ ತುದಿ ಮುಚ್ಚಿ, ಟ್ರಿಮ್ ಗಮನಿಸಿ. ರೆಗ್ಯುಲೇಟರ್ ರೈಲಿನ ಮೇಲೆಯೇ ಇದ್ದರೆ ಅದರ ವ್ಯಾಕ್ಯೂಮ್ ಹೋಸ್ ಒಳಗೆ ಪೆಟ್ರೋಲಿನ ಹಸಿ ಇದೆಯೇ ನೋಡಿ; ಒಂದು ಹನಿ ಕಂಡರೂ ಅದನ್ನು ಬದಲಾಯಿಸಬೇಕು. ಡಿಪ್‌ಸ್ಟಿಕ್ ಮೂಸಿ ನೋಡಿ, ಆಯಿಲ್ ಮಟ್ಟ ಏರಿದೆಯೇ ಎಂಬುದನ್ನೂ ತಿಳಿಸಿ. ಕೊನೆಯದಾಗಿ, ಐಡಲ್‌ನಲ್ಲಿ ಕೆಲಹೊತ್ತು ಓಡಿಸಿ ನಿಲ್ಲಿಸಿ, ಎಂಜಿನ್ ಸ್ವಲ್ಪ ಆರಿದ ಮೇಲೆ ನಾಲ್ಕೂ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಟ್ಟು ಹೋಲಿಸಿ.

ಮತ್ತೊಬ್ಬರ ಉತ್ತರ

ಬಿಸಿ ಸ್ಟಾರ್ಟಿನ ತೊಂದರೆಗೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಕೂಡ ಕಾರಣವಾಗಿರಬಹುದಲ್ಲವೇ? ಅದು ಸೋರಿದರೆ ಎಂಜಿನ್ ನಿಲ್ಲಿಸಿದ ಕೂಡಲೇ ರೈಲಿನ ಒತ್ತಡ ಇಳಿದುಹೋಗುತ್ತದೆ.

ಉತ್ತರ

ಒತ್ತಡ ಇಳಿಯುತ್ತದೆ, ನಿಜ. ಆದರೆ ಚೆಕ್ ವಾಲ್ವ್ ಸೋರಿದರೆ ಪೆಟ್ರೋಲ್ ಟ್ಯಾಂಕಿಗೆ ಮರಳುತ್ತದೆ, ಸಿಲಿಂಡರಿಗೆ ಅಲ್ಲ. ಆಗ ಸೆಲ್ಫ್ ಹೆಚ್ಚು ಹೊತ್ತು ಬೇಕಾಗುತ್ತದೆ, ಆದರೆ ಮಸಿಯಾಗಲೀ ಋಣಾತ್ಮಕ ಟ್ರಿಮ್ ಆಗಲೀ ಬರುವುದಿಲ್ಲ. ಪ್ರಶ್ನೆ ಕೇಳಿದವರು ಇನ್ನೊಂದನ್ನೂ ಪರೀಕ್ಷಿಸಬಹುದು: ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಅನೇಕ ಇಸಿಯುಗಳು ಇಂಜೆಕ್ಷನ್ ನಿಲ್ಲಿಸುತ್ತವೆ. ಹಾಗೆ ಮಾಡಿದಾಗ ಬೇಗ ಸ್ಟಾರ್ಟ್ ಆದರೆ ಒಳಗೆ ಪೆಟ್ರೋಲ್ ತುಂಬಿಕೊಂಡಿತ್ತು ಎಂದೇ ಅರ್ಥ.

ಪ್ರಶ್ನೆ ಕೇಳಿದವರು

ಪರ್ಜ್ ಹೋಸ್ ಮುಚ್ಚಿದರೂ ಟ್ರಿಮ್ ಬದಲಾಗಲಿಲ್ಲ, ರೆಗ್ಯುಲೇಟರಿನ ಹೋಸ್ ಒಣಗಿದೆ. ವ್ಯಾಕ್ಯೂಮ್ ಹೋಸ್ ಕಳಚಿದಾಗ ಸೆನ್ಸರ್ ತಕ್ಷಣ 0.1ಕ್ಕೆ ಇಳಿಯಿತು. ಆಯಿಲ್ ಮಟ್ಟ ಮೇಲಿನ ಗುರುತನ್ನು ದಾಟಿದೆ, ಪೆಟ್ರೋಲ್ ವಾಸನೆ ಸ್ಪಷ್ಟವಾಗಿದೆ. ಮೂರನೆಯ ಸಿಲಿಂಡರಿನ ಪ್ಲಗ್ ಕಪ್ಪಾಗಿ ಒದ್ದೆಯಾಗಿದೆ, ಉಳಿದ ಮೂರು ತಿಳಿ ಕಂದು. ಪೆಡಲ್ ಒತ್ತಿಹಿಡಿದರೆ ಬೇಗ ಸ್ಟಾರ್ಟ್ ಆಗುತ್ತದೆ.

ಉತ್ತರ

ಮೂರನೆಯ ಇಂಜೆಕ್ಟರ್ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ಆ ಸಿಲಿಂಡರಿನಲ್ಲಿ ಕಿಡಿ ದುರ್ಬಲವಾಗಿದ್ದರೂ ಪ್ಲಗ್ ಒದ್ದೆಯಾಗುತ್ತದೆ. ಆದರೆ ಆಗ ಉರಿಯದ ಆಮ್ಲಜನಕ ಸೆನ್ಸರಿಗೆ ತಲುಪಿ ಟ್ರಿಮ್ ಧನಾತ್ಮಕ ದಿಕ್ಕಿಗೆ ಹೋಗುತ್ತಿತ್ತು. ಹೊಸದನ್ನು ಕೊಳ್ಳುವ ಮುಂಚೆ ಒಂದನೆಯ ಮತ್ತು ಮೂರನೆಯ ಇಂಜೆಕ್ಟರುಗಳನ್ನು ಅದಲುಬದಲು ಮಾಡಿ ಓಡಿಸಿ. ಒದ್ದೆ ಪ್ಲಗ್ ಒಂದನೆಯ ಸಿಲಿಂಡರಿಗೆ ಸ್ಥಳ ಬದಲಾಯಿಸಿದರೆ ವಾದಕ್ಕೆ ಅವಕಾಶವೇ ಉಳಿಯುವುದಿಲ್ಲ. ರೈಲನ್ನು ಬಿಚ್ಚುವ ಮೊದಲು ಒತ್ತಡ ಇಳಿಸಿ, ಬ್ಯಾಟರಿಯ ಋಣ ತುದಿ ಕಳಚಿ, ಎಂಜಿನ್ ಪೂರ್ತಿ ತಣ್ಣಗಾಗಲು ಬಿಡಿ. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲ್ ಚೆಲ್ಲುವುದು ಅಪಾಯಕಾರಿ.

ಅದಲುಬದಲು ಮಾಡುವಾಗಲೇ ಓ ರಿಂಗ್‌ಗಳನ್ನು ಹೊಸದಾಗಿ ಹಾಕಿ. ಸೋರಿಕೆ ನಿಂತ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಬೇಕು. ಮೊದಲೇ ಬದಲಾಯಿಸಿದರೆ ಹೊಸ ಆಯಿಲ್ ಕೂಡ ಹಾಳಾಗುತ್ತದೆ. ಬದಲಾಯಿಸದೆ ಬಿಟ್ಟರೆ, ಅದರಲ್ಲಿ ಬೆರೆತ ಪೆಟ್ರೋಲ್ ಆವಿಯಾಗಿ ಪಿಸಿವಿ (ಆಯಿಲ್ ಕೋಣೆಯ ಆವಿಯನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಮೂಲಕ ಎಂಜಿನ್ನಿಗೆ ಮರಳಿ, ರಿಪೇರಿ ಆದ ಮೇಲೂ ಟ್ರಿಮ್ ಋಣಾತ್ಮಕವಾಗಿಯೇ ಉಳಿಯುತ್ತದೆ. ಅಲ್ಲಿಯವರೆಗೆ ಗಾಡಿಯನ್ನು ದೂರ ಓಡಿಸಬೇಡಿ, ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಪಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಅದಲುಬದಲು ಮಾಡಿದಾಗ ಒಂದನೆಯ ಪ್ಲಗ್ ಒದ್ದೆಯಾಯಿತು. ಆ ಇಂಜೆಕ್ಟರ್ ಬದಲಾಯಿಸಿ, ಆಯಿಲ್ ಹಾಕಿಸಿ, ಕೋಡ್ ಅಳಿಸಿದ ಮೇಲೆ ಐಡಲ್‌ನಲ್ಲಿ ಟ್ರಿಮ್ ಒಟ್ಟು -2ರಿಂದ +3ರ ನಡುವೆ ಇದೆ, ಬಿಸಿ ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಸೈಲೆನ್ಸರಿನ ಮಸಿ ಮಾತ್ರ ಹಾಗೆಯೇ ಇದೆ.

ಉತ್ತರ

ಅದು ಹಳೆಯ ಮಸಿ. ಬಟ್ಟೆಯಿಂದ ಒರೆಸಿ, ಕೆಲವು ದಿನ ಓಡಿಸಿದ ಮೇಲೆ ಮತ್ತೆ ನೋಡಿ. ರಿಚ್ ಮಿಶ್ರಣದಲ್ಲಿ ಬಹುಕಾಲ ಓಡಿದ ಗಾಡಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಹಾಳಾಗಿರಬಹುದು. ಮುಂದೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬಂದರೆ, ಕನ್ವರ್ಟರಿನ ನಂತರ ಇರುವ ಹಿಂದಿನ ಸೆನ್ಸರಿನ ವೋಲ್ಟೇಜ್ ಮುಂದಿನದರಂತೆಯೇ ವೇಗವಾಗಿ ಏರಿಳಿಯುತ್ತಿದೆಯೇ ಎಂದು ಪರೀಕ್ಷಿಸಿ ಇಲ್ಲಿ ಬರೆಯಿರಿ.