ಚಿಯಾಂಗ್ ಮಾಯ್‌ಗೆ ಹೊರಟ ತಂಗಿಗೆ: ಮೊದಲು ಕೇಳಿಸಿಕೋ, ಆಮೇಲೆ ಪ್ರಾರ್ಥನೆ

ಗದಗಿನ ತಂಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಅವಳಿಗೆ 23 ವರ್ಷ. ತನ್ನ ಕ್ರೈಸ್ತ ಸಭೆಯ (ಚರ್ಚಿನ) ಯುವಜನರ ತಂಡದ ಜೊತೆ ಎರಡು ವಾರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಮಿಷನ್ ಟ್ರಿಪ್, ಅಂದರೆ ಸೇವೆಗೂ ಪ್ರಾರ್ಥನೆಗೂ ಹೋಗುವ ಪ್ರಯಾಣ, ಹೊರಟಿದ್ದಾಳೆ. "ಅಕ್ಕಾ, ನಾನು ಜಾಸ್ತಿ ಮಾತಾಡೋಳಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಹತ್ರಾನೂ ಮಾತಾಡಲ್ಲ. ಅಲ್ಲಿ ಗುರುತಿಲ್ಲದವರ ಸ್ನೇಹ ಮಾಡೋದು ಹೇಗೆ? ನಿಮಗೋಸ್ಕರ ಪ್ರಾರ್ಥನೆ ಮಾಡಲಾ ಅಂತ ಕೇಳೋದು ಹೇಗೆ? ಹೋಗಿ ಬಂದವರು ಯಾರಾದ್ರೂ ಇದ್ರೆ ಹೇಳಿ" ಅಂತ ಕೇಳಿದ್ದಾಳೆ.

ನಾನು ಹೋಗಿ ಬಂದಿದ್ದೇನೆ ತಂಗಿ. 2016ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ, ಎರಡು ಸಲವೂ ಅದೇ ಊರಿಗೆ. ನಿನ್ನ ಪ್ರಶ್ನೆ ನೋಡಿದ ಮೇಲೆ ಆಗ ನಮ್ಮ ಜೊತೆ ಬಂದಿದ್ದ ಮೂರ್ನಾಲ್ಕು ಜನರಿಗೂ ಫೋನ್ ಮಾಡಿ ಕೇಳಿದೆ. ಅವರು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಜಾಸ್ತಿ ಮಾತಾಡದವಳು ಅನ್ನೋದಕ್ಕೆ ಹೆದರಬೇಡ. ನಮ್ಮ ತಂಡದಲ್ಲಿ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಬೆಂಗಳೂರಿನ ಹುಡುಗನೊಬ್ಬ ಇದ್ದ. ತುಂಬಾ ಒಳ್ಳೆಯ ಹುಡುಗ, ಮೊದಲ ದಿನವೇ 30 ಜನರ ಹತ್ತಿರ ಮಾತಾಡಿದೆ ಅಂತ ಖುಷಿಯಿಂದ ಬಂದ. ಮರುದಿನ ಆ 30ರಲ್ಲಿ ಒಬ್ಬರ ಹೆಸರೂ ಅವನಿಗೆ ನೆನಪಿರಲಿಲ್ಲ. ಈಗ ಅವನೇ ಹೇಳಿದ, "ಅಕ್ಕಾ, ಆ ಹುಡುಗಿಗೆ ದಿನಕ್ಕೆ ಒಬ್ಬರು ಸಾಕು ಅಂತ ಹೇಳಿ." ನಾನೂ ಅದನ್ನೇ ಹೇಳೋದು. ಎರಡು ವಾರಕ್ಕೆ ನಾಲ್ಕು ಜನ ಸಿಕ್ಕರೂ ಸಾಕು, ಆದರೆ ಅದೇ ನಾಲ್ಕು ಜನರ ಹತ್ತಿರ ಮತ್ತೆ ಮತ್ತೆ ಹೋಗು.

ಮಾತು ಶುರು ಮಾಡೋದು ಹೇಗೆ ಅಂದ್ರೆ, ನಮ್ಮ ಹಾಗೇ. ನಾವು ಯಾರಾದರೂ ಸಿಕ್ಕರೆ "ಊಟ ಆಯ್ತಾ" ಅಂತೀವಲ್ವಾ? ಅವರೂ ಅದನ್ನೇ ಕೇಳುತ್ತಾರೆ. "ಕಿನ್ ಖಾವ್ ರು ಯಂಗ್?" ಅಂದ್ರೆ ಅನ್ನ ಉಂಡೆಯಾ ಅಂತ. ನನಗೆ ಇದು ಗೊತ್ತಾದ ದಿನ ಅರ್ಧ ಭಯ ಹೋಯಿತು. ಅವರ "ಸವತ್‌ದೀ"ಯಲ್ಲಿ, ಅಂದರೆ ನಮಸ್ಕಾರ ಅನ್ನೋ ಮಾತಿನಲ್ಲಿ, ನಮ್ಮ ಸ್ವಸ್ತಿ ಇದೆ. ಗುರುಗಳನ್ನು, ಸಭಾಪಾಲಕರನ್ನು "ಅಜಾನ್" ಅನ್ನುತ್ತಾರೆ, ಅದು ಆಚಾರ್ಯ. ಪ್ರಾರ್ಥನೆಗೆ "ಅಥಿಟ್‌ಥಾನ್", ಅದು ಅಧಿಷ್ಠಾನ ಅನ್ನೋ ಶಬ್ದವೇ. ದೇವಸ್ಥಾನಕ್ಕೆ ಹೋಗಿ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳುವ ಬೌದ್ಧರೂ ಇದೇ ಪದ ಬಳಸುತ್ತಾರೆ. ಹಾಗಾಗಿ ಪ್ರಾರ್ಥನೆ ಅಂದರೆ ಅವರಿಗೆ ಹೊಸದೇನಲ್ಲ. ಒಂದು ಪುಟ್ಟ ಪುಸ್ತಕದಲ್ಲಿ ಇಂಥ ಹತ್ತು ಮಾತು ಕನ್ನಡದಲ್ಲೇ ಬರೆದಿಟ್ಟುಕೋ. ಹೆಂಗಸರು ಮಾತಿನ ಕೊನೆಗೆ "ಖಾ" ಸೇರಿಸಬೇಕು, ಗಂಡಸರು "ಖ್ರಾಪ್". ನಿನಗಿಂತ ದೊಡ್ಡವರನ್ನು "ಪೀ" ಅಂತ ಕರೆ, ನಮ್ಮ ಅಕ್ಕ, ಅಣ್ಣ ಇದ್ದ ಹಾಗೆ. ಊಟ ರುಚಿಯಾಗಿದ್ದರೆ "ಅರೊಯ್" ಅನ್ನು. ಈ ಒಂದು ಪದದಿಂದ ನನಗೆ ಸಿಕ್ಕಷ್ಟು ಸ್ನೇಹ ಬೇರೆ ಯಾವುದರಿಂದಲೂ ಸಿಗಲಿಲ್ಲ.

ಅದು ಹೇಗೆ ಅಂತ ಹೇಳುತ್ತೇನೆ. ನಾವು ಇಳಿದುಕೊಂಡಿದ್ದ ಜಾಗದಿಂದ ವರೋರೊಟ್ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಒಬ್ಬ ಹೆಂಗಸು ಅಂಟು ಅಕ್ಕಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ಕೆಂಡದ ಮೇಲೆ ಸುಟ್ಟು ಮಾರುತ್ತಿದ್ದರು. ಒಳಗೆ ಬಾಳೆಹಣ್ಣೋ ಕೆಸುವಿನ ಗಡ್ಡೆಯೋ ಇರುತ್ತದೆ. ಮೊದಲ ದಿನ ತಗೊಂಡೆ, ಅಲ್ಲೇ ನಿಂತು ತಿಂದೆ, ಅರೊಯ್ ಅಂದೆ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಅವರೇ ಒಂದು ಪ್ಲಾಸ್ಟಿಕ್ ಸ್ಟೂಲ್ ಎಳೆದು ಕೂರಿಸಿದರು. ಅವತ್ತು ನಮ್ಮ ಜೊತೆ ಅಲ್ಲಿನ ಸಭೆಯ ಒಬ್ಬಳು ಕಾಲೇಜು ಹುಡುಗಿ ಇದ್ದಳು, ಅವಳು ಮಾತು ದಾಟಿಸುತ್ತಿದ್ದಳು. ನಾನು ಕೇಳಿದ್ದು ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತೀರಿ ಅಂತ ಅಷ್ಟೇ. ಅದಕ್ಕೆ ಅವರು, ಮೊದಲು ಬೆಳಿಗ್ಗೆ ನಾಲ್ಕಕ್ಕೇ ಬರುತ್ತಿದ್ದೆ, ಈಗ ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಅವರಿಗೆ ಊಟ ಕೊಟ್ಟು ಬರುವಾಗ ಎಂಟಾಗುತ್ತೆ ಅಂದರು. ಹೇಳುತ್ತಾ ಹೇಳುತ್ತಾ ಇಕ್ಕಳದಲ್ಲಿ ಎಲೆಯ ಪೊಟ್ಟಣ ತಿರುಗಿಸುತ್ತಲೇ ಇದ್ದರು, ಮುಖ ಮಾತ್ರ ಎತ್ತಲಿಲ್ಲ. ನಾನು ನರ್ಸ್ ಕೆಲಸ ಮಾಡುವವಳು, ಆಸ್ಪತ್ರೆಗೆ ಊಟ ಹೊತ್ತು ಬರುವ ಹೆಣ್ಣುಮಕ್ಕಳನ್ನು ದಿನಾ ನೋಡುತ್ತೇನೆ. ಹಾಗಾಗಿ ಸುಮ್ನೆ ಕೂತು ಕೇಳಿದೆ, ಸುಮಾರು ಅರ್ಧ ಗಂಟೆ. ಆಮೇಲೆ, ನಾನು ಯೇಸುವನ್ನು ನಂಬುವವಳು, ನಿಮ್ಮ ಅಮ್ಮನಿಗೋಸ್ಕರ ಈಗ ಇಲ್ಲೇ ಪ್ರಾರ್ಥನೆ ಮಾಡಬಹುದಾ, ಬೇಡ ಅಂದರೆ ಏನೂ ಬೇಜಾರಿಲ್ಲ, ನಾಳೆಯೂ ತಿಂಡಿಗೆ ಬರ್ತೇನೆ ಅಂದೆ. ಅವರು ಕೈಯನ್ನು ಏಪ್ರನ್ನಿಗೆ ಎರಡು ಸಲ ಒರೆಸಿಕೊಂಡು ನನ್ನ ಕೈ ಹಿಡಿದರು. ಮೂರೇ ವಾಕ್ಯದ ಪ್ರಾರ್ಥನೆ. ಆ ಹುಡುಗಿ ಅದನ್ನು ಥಾಯ್‌ನಲ್ಲಿ ಹೇಳಿದಳು. ಅಷ್ಟರಲ್ಲಿ ಗಿರಾಕಿ ಬಂದರು, ಅವರು ಎದ್ದರು.

ಆ "ಬೇಡ ಅಂದರೆ ಏನೂ ಬೇಜಾರಿಲ್ಲ" ಅನ್ನೋ ಮಾತು ನನಗೆ ಹೇಳಿಕೊಟ್ಟದ್ದು ಅದೇ ಕಾಲೇಜು ಹುಡುಗಿ. ಅಲ್ಲಿ "ಕ್ರೇಂಗ್ ಜೈ" ಅಂತ ಒಂದು ಮಾತಿದೆ. ಜೈ ಅಂದ್ರೆ ಮನಸ್ಸು. ಎದುರಿನವರಿಗೆ ಮುಜುಗರ ಆಗಬಾರದು ಅಂತ ತನಗೆ ಇಷ್ಟವಿಲ್ಲದಿದ್ದರೂ ಒಪ್ಪಿಕೊಳ್ಳೋದು. ನಮ್ಮ ದಾಕ್ಷಿಣ್ಯವೇ ಅದು. ನೀನು ಪ್ರಾರ್ಥನೆ ಮಾಡಲಾ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ನಗುತ್ತಾ ಹೂಂ ಅನ್ನುತ್ತಾರೆ. ಆ ಹೂಂ ಎಷ್ಟೋ ಸಲ ದಾಕ್ಷಿಣ್ಯದ್ದು. ನೆಂಟರ ಮನೆಗೆ ಹೋದಾಗ ಅವರು ಇನ್ನೊಂದು ಚಪಾತಿ ಹಾಕಿದರೆ ಬೇಡ ಅನ್ನಲಾಗದೆ ತಿನ್ನುತ್ತೇವಲ್ಲ, ಹಾಗೆ. ನಾವು ದೂರದಿಂದ ಬಂದವರು, ಅತಿಥಿಗಳು, ಅವರಿಗೆ ಇಲ್ಲ ಅನ್ನೋದು ಇನ್ನೂ ಕಷ್ಟ. ಅದಕ್ಕೇ ಇಲ್ಲ ಅನ್ನೋಕೆ ದಾರಿ ನೀನೇ ಬಿಟ್ಟುಕೊಡಬೇಕು. ಗಿರಾಕಿಗಳು ನಿಂತಿರುವಾಗ ಕೇಳಬೇಡ. ನೀವು ನಾಲ್ಕೈದು ಜನ ಸುತ್ತ ನಿಂತು ಒಬ್ಬರನ್ನು ಕೇಳಲೇಬೇಡಿ. ಅವರ ನಗು ನೋಡಬೇಡ, ಕೈ ಕಾಲು ನೋಡು. ದೇಹ ಆ ಕಡೆ ತಿರುಗಿದ್ದರೆ, ಕಣ್ಣು ಅಂಗಡಿ ಒಳಗೆ ಹೋಗುತ್ತಿದ್ದರೆ, ಅಲ್ಲಿಗೇ ಬಿಡು. ಮನೆಗೆ ಬಂದು ಅವರ ಹೆಸರು ಹಿಡಿದು ಪ್ರಾರ್ಥನೆ ಮಾಡಿದರೂ ದೇವರು ಕೇಳುತ್ತಾರೆ.

ಕೇಳುವ ಮಾತು ಬೇಕಿದ್ದರೆ ಇಲ್ಲಿದೆ: "ಖೋ ಅಥಿಟ್‌ಥಾನ್ ಹಾಯ್ ದಾಯ್ ಮಾಯ್ ಖಾ?" ನಿಮಗಾಗಿ ಪ್ರಾರ್ಥಿಸಲಾ ಅಂತ. ಆದರೆ ಅದಕ್ಕಿಂತ ಮೊದಲು ಏನು ಪ್ರಾರ್ಥಿಸಬೇಕು ಅಂತ ಅವರನ್ನೇ ಕೇಳು. ಕುರುಡ ಬಾರ್ತಿಮಾಯನಿಗೆ ಕಣ್ಣಿಲ್ಲ ಅಂತ ಯೇಸುವಿಗೆ ಗೊತ್ತಿರಲಿಲ್ಲವಾ? ಆದರೂ ನಾನು ನಿನಗೇನು ಮಾಡಬೇಕು ಅಂತ ಅವನನ್ನೇ ಕೇಳಿದರು. ಒಬ್ಬ ಆಟೋ ಚಾಲಕರ ಕಾಲಿಗೆ ಬ್ಯಾಂಡೇಜ್ ಇತ್ತು. ನಾವು ಕಾಲಿಗೋಸ್ಕರ ಅಂದುಕೊಂಡೆವು. ಅವರು ಕಾಲು ಬಿಡಿ, ಮಗಳು ಬ್ಯಾಂಕಾಕ್‌ಗೆ ಹೋದವಳು ಫೋನೇ ಮಾಡುತ್ತಿಲ್ಲ ಅಂದರು.

ಈಗ ನನ್ನ ಒಂದು ತಪ್ಪು ಹೇಳಬೇಕು. 2016ರಲ್ಲಿ ಬೆಟ್ಟದ ಮೇಲಿನ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲಿ ಒಬ್ಬ ಅಜ್ಜ ಪ್ರಾರ್ಥನೆ ಮಾಡಿ ಅಂದರು. ನಾನು ಇಲ್ಲಿ ಮಾಡುವ ಹಾಗೆ ತಲೆಯ ಮೇಲೆ ಕೈ ಇಟ್ಟೆ. ನಮ್ಮ ಜೊತೆಗಿದ್ದ ಥಾಯ್ ಅಜಾನ್ ಏನೂ ಮಾತಾಡದೆ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿ ಅಜ್ಜನ ಕೈ ಮೇಲೆ ಇಟ್ಟರು. ಅಜ್ಜ ನಗುತ್ತಲೇ ಇದ್ದರು. ಥಾಯ್ಲೆಂಡಿನಲ್ಲಿ ತಲೆ ದೇಹದ ಪವಿತ್ರವಾದ ಭಾಗ, ಅದರಲ್ಲೂ ಹಿರಿಯರ ತಲೆ ಮುಟ್ಟೋದು ದೊಡ್ಡ ಅವಮಾನ ಅಂತ ಆಮೇಲೆ ಗೊತ್ತಾಯಿತು. ಹಾಗೇ ಪಾದ ಯಾರ ಕಡೆಗೂ ಚಾಚಬಾರದು. ನೆಲದ ಮೇಲೆ ಕೂತು ಪ್ರಾರ್ಥನೆ ಮಾಡುವಾಗ ಕಾಲು ಹಿಂದಕ್ಕೆ ಮಡಚಿಕೋ. ಬೌದ್ಧ ಭಿಕ್ಷುಗಳನ್ನು ಹೆಂಗಸರು ಮುಟ್ಟಬಾರದು, ಏನಾದರೂ ಕೊಡುವುದಿದ್ದರೂ ನೇರ ಕೈಗೆ ಕೊಡಬಾರದು. ನಾನು ಆ ಅಜ್ಜನ ಹತ್ತಿರ ಮತ್ತೆ ಹೋಗಿ ಕ್ಷಮೆ ಕೇಳಿದೆ. "ಮಾಯ್ ಪೆನ್ ರಾಯ್" ಅಂದರು, ಪರವಾಗಿಲ್ಲ ಅಂತ. ಆದರೂ ನನಗೆ ಅದು ಮನಸ್ಸಿನಿಂದ ಹೋಗಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಇದನ್ನು ಅದೇ ಅಜಾನ್ ನಮಗೆ ಊಟಕ್ಕೆ ಕೂತಾಗ ಹೇಳಿದರು. ನಮಗಿಂತ ಮೊದಲು ಬೇರೆ ದೇಶದ ಒಂದು ತಂಡ ಬಂದಿತ್ತಂತೆ. ಕ್ಯಾನ್ಸರ್ ಇದ್ದ ಒಬ್ಬ ತಾಯಿಗೆ ಜೋರಾಗಿ ಪ್ರಾರ್ಥನೆ ಮಾಡಿ, ನಿಮಗೆ ವಾಸಿಯಾಯಿತು, ನಂಬಿ ಅಂತ ಹೇಳಿ ಹೋದರಂತೆ. ಎರಡು ತಿಂಗಳಲ್ಲಿ ಆ ತಾಯಿ ತೀರಿಕೊಂಡರು. ತಂಡ ಎಂದೋ ಮನೆ ಸೇರಿತ್ತು. ಆ ಮನೆಯ ಮಕ್ಕಳ ಮುಂದೆ ಹೋಗಿ ಕೂತವರು ಈ ಅಜಾನ್. "ಅವರು ಬಿಟ್ಟುಹೋದ ಮಾತಿಗೆ ನಾನು ಉತ್ತರ ಕೊಡಬೇಕಾಯಿತು" ಅಂದರು. ತಂಗಿ, ದಯವಿಟ್ಟು ವಾಸಿಯಾಗುತ್ತೆ ಅಂತ ಮಾತು ಕೊಡಬೇಡ. ಔಷಧಿ ಬಿಡಿ ಅನ್ನೋ ಅರ್ಥ ಬರುವ ಒಂದು ಮಾತೂ ಬೇಡ. ದೇವರೇ, ಇವರ ಜೊತೆ ಇರು, ಡಾಕ್ಟರ ಕೈಗೆ ಬಲ ಕೊಡು, ಇವರ ಭಯ ತೆಗೆ. ಇಷ್ಟು ಕೇಳು. ಹಣ ಕಳಿಸುತ್ತೇನೆ, ಮುಂದಿನ ವರ್ಷ ಬರುತ್ತೇನೆ ಅಂತಲೂ ಬಾಯಿ ತಪ್ಪಿ ಹೇಳಬೇಡ.

ಅಲ್ಲಿನ ಸಭೆ ಯಾವತ್ತಿನಿಂದ ಇದೆ ಅಂತ ತಿಳಿದುಕೊಂಡು ಹೋಗು. ಡೇನಿಯಲ್ ಮೆಕ್‌ಗಿಲ್ವರಿ ಅನ್ನುವ ಅಮೆರಿಕದ ಮಿಷನರಿ ಹೆಂಡತಿ ಮಕ್ಕಳ ಜೊತೆ ಚಿಯಾಂಗ್ ಮಾಯ್‌ಗೆ ಬಂದದ್ದು 1867ರಲ್ಲಿ. ಎರಡೇ ವರ್ಷದಲ್ಲಿ, 1869ರಲ್ಲಿ, ಹೊಸದಾಗಿ ನಂಬಿಕೆಗೆ ಬಂದಿದ್ದ ಇಬ್ಬರನ್ನು ಅಲ್ಲಿನ ಅರಸನ ಅಪ್ಪಣೆಯಂತೆ ಕೊಂದರು. ಉತ್ತರ ಥಾಯ್ಲೆಂಡಿನಲ್ಲಿ, ಅಂದರೆ ಆಗಿನ ಉತ್ತರ ಸಿಯಾಮ್‌ನಲ್ಲಿ ಯಾವ ಧರ್ಮವನ್ನಾದರೂ ಅನುಸರಿಸಬಹುದು ಅಂತ ಆಜ್ಞೆ ಬಂದದ್ದು 1878ರಲ್ಲಿ. ಜೀವ ಕೊಟ್ಟವರು ಆ ಊರಿನವರು. ಎರಡು ವಾರಕ್ಕೆ ಹೋಗುವ ನಾವು ಅವರಿಗೆ ದೇವರನ್ನು ಹೊತ್ತುಕೊಂಡು ಹೋಗುತ್ತಿಲ್ಲ, ಅವರ ಮನೆಗೆ ನೆಂಟರಾಗಿ ಹೋಗುತ್ತಿದ್ದೇವೆ. ಆದ್ದರಿಂದ ಯಾರನ್ನು ಭೇಟಿ ಮಾಡಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದನ್ನು ಅವರೇ ತೀರ್ಮಾನಿಸಲಿ. ನಮ್ಮ ಮಂಗಳೂರಿಗೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದಾಗ ಅವರೂ ಹೀಗೇ ಗುರುತಿಲ್ಲದವರೇ ತಾನೇ? ಕಿಟೆಲ್ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಹೊರಗೆ ಬಂದದ್ದು 1894ರಲ್ಲಿ. ನಲವತ್ತು ವರ್ಷ ನಮ್ಮವರ ಮಾತು ಕೇಳಿಸಿಕೊಂಡರು. ನಮಗೆ ಸಿಗೋದು ಹದಿನಾಲ್ಕು ದಿನ.

ಭಾಷೆ ಬರಲ್ಲ ಅನ್ನೋ ಚಿಂತೆಗೆ ನಮ್ಮ ಧಾರವಾಡದ ಆಂಟಿಯ ಕಥೆ ಸಾಕು. ಅವರಿಗೆ ಆಗ 58 ವರ್ಷ. ಲಾಹು ಅನ್ನುವ ಬೆಟ್ಟದ ಬುಡಕಟ್ಟು ಜನರ ಹಳ್ಳಿಯಲ್ಲಿ ನಾವು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಬ್ಬರು ಥಾಯ್‌ಗೆ, ಇನ್ನೊಬ್ಬರು ಲಾಹುಗೆ ದಾಟಿಸಬೇಕಿತ್ತು. ಒಂದು ವಾಕ್ಯ ಹೋಗಿ ಬರುವಷ್ಟರಲ್ಲಿ ನಮಗೇ ಮರೆತು ಹೋಗುತ್ತಿತ್ತು. ಆಂಟಿ ಮಾತ್ರ ನೇರ ಅಡುಗೆ ಮನೆಗೆ ಹೋಗಿ ಅಲ್ಲಿನ ಹೆಂಗಸರ ಜೊತೆ ಕೂತು ಸೊಪ್ಪು ಬಿಡಿಸೋಕೆ ಶುರು ಮಾಡಿದರು. ಸಂಜೆ ಅಲ್ಲಿನ ಒಬ್ಬ ಅಜ್ಜಿ ಇವರ ಕೈ ಹಿಡಿದು ತನ್ನ ಮಂಡಿ ಮೇಲೆ ಇಟ್ಟುಕೊಂಡರು, ನೋವು ಅಂತ ಸನ್ನೆ ಮಾಡಿದರು. ದುಭಾಷಿಯನ್ನು ಕರೆಯಲಾ ಅಂತ ನಾನು ಕೇಳಿದರೆ ಆಂಟಿ, "ಬ್ಯಾಡವಾ, ದೇವರಿಗೆ ಕನ್ನಡ ಬರತೈತಿ" ಅಂದರು. ಕನ್ನಡದಲ್ಲೇ ಪ್ರಾರ್ಥಿಸಿದರು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ಫೋನಿನಲ್ಲಿ ಆಂಟಿ ನಿನಗೆ ಹೇಳಿ ಕಳಿಸಿದ್ದು ಇಷ್ಟೇ: "ಮೊದಲ ಅವರ ಕೂಡ ಕೆಲಸ ಮಾಡು, ಮಾತು ತಾನ ಬರತಾವ."

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ವೀಸಾ ನಿಯಮ ಬದಲಾಗುತ್ತಾ ಇರುತ್ತೆ, ಪ್ರವಾಸಿ ಅಂತ ಹೋಗಿ ಶಾಲೆಯಲ್ಲಿ ಪಾಠ ಮಾಡೋದು, ಕ್ಯಾಂಪ್ ನಡೆಸೋದು ಇದ್ದರೆ ಅನುಮತಿ ಬೇಕಾ ಅಂತ ತಂಡದ ನಾಯಕರನ್ನು ಈಗಲೇ ಕೇಳು, ಧಾರ್ಮಿಕ ಕೆಲಸಕ್ಕೆ ಅಲ್ಲಿ ಬೇರೆ ವೀಸಾನೇ ಇದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಗೆ ಜಾಸ್ತಿ, ಮಾಸ್ಕ್ ತಗೊಂಡು ಹೋಗು. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ಇದ್ದಲ್ಲೇ ನಿಲ್ಲು. ರಾಜರ ಬಗ್ಗೆ ಹಗುರವಾಗಿ ಒಂದು ಮಾತೂ ಬೇಡ. ಯಾರ ಕಣ್ಣೀರಿನ ಫೋಟೋನೂ ತೆಗೆಯಬೇಡ. ಪ್ರಾರ್ಥನೆ ಮಾಡುವಾಗ ಫೋನ್ ಬ್ಯಾಗಿನಲ್ಲೇ ಇರಲಿ.

ಮತ್ತೆ ಆ ಪುಟ್ಟ ಪುಸ್ತಕದ ಕೊನೆಯ ಹಾಳೆ ಖಾಲಿ ಬಿಡು, ಅಲ್ಲಿ ಹೆಸರು ಬರೆದುಕೊಳ್ಳೋಕೆ. ನನ್ನದರಲ್ಲಿ ಹನ್ನೊಂದು ಹೆಸರಿವೆ. ಇವತ್ತಿಗೂ ಶನಿವಾರ ರಾತ್ರಿ ಅದನ್ನು ತೆಗೆಯುತ್ತೇನೆ. ಅವರು ವಾಟ್ಸಾಪ್‌ಗಿಂತ ಲೈನ್ ಅನ್ನುವ ಆ್ಯಪ್ ಜಾಸ್ತಿ ಬಳಸುತ್ತಾರೆ, ಹೋಗುವ ಮೊದಲೇ ಹಾಕಿಕೋ. ತಿಂಡಿ ಮಾರುವ ಆ ಅಕ್ಕ ನನಗೆ ಪ್ರತಿ ಏಪ್ರಿಲ್‌ನಲ್ಲಿ ಅವರ ಹೊಸ ವರ್ಷದ ಸೊಂಗ್ಕ್ರಾನ್ ಹಬ್ಬಕ್ಕೆ ಒಂದು ಫೋಟೋ ಕಳಿಸುತ್ತಾರೆ, ಸರಿಯಾಗಿ ನಮ್ಮ ಕಡೆ ತುಳುವರ ಹೊಸ ವರ್ಷ ಬಿಸು ಬರುವ ಹೊತ್ತಿಗೆ. ಅವರ ಅಮ್ಮ 2019ರ ಕೊನೆಗೆ ತೀರಿಕೊಂಡರು. ಅದನ್ನು ನನಗೆ ತಿಳಿಸಿದ್ದೂ ಅವರೇ, ನಡುರಾತ್ರಿ. ನಾನು ಏನು ಬರೆಯಬೇಕು ಅಂತ ತಿಳಿಯದೆ ಊಟ ಮಾಡಿದಿರಾ ಅಂತ ಕೇಳಿದೆ. ಇನ್ನೂ ಇಲ್ಲ, ಈಗ ಮಾಡ್ತೇನೆ ಅಂತ ಬರೆದರು.

ಅವರು ಈಗಲೂ ಅಲ್ಲೇ ಕೂರುತ್ತಾರೆ. ನೀನು ಹೊರಡುವ ದಿನ ಗೊತ್ತಾದರೆ ಹೇಳು, ಅವರಿಗೆ ಮೆಸೇಜ್ ಮಾಡಿ ದಾರಿ ಕೇಳಿ ನಿನಗೆ ತಿಳಿಸುತ್ತೇನೆ. ಕೆಸುವಿನ ಗಡ್ಡೆ ಹಾಕಿದ್ದು ಮೊದಲೇ ಖಾಲಿಯಾಗುತ್ತೆ, ಬೆಳಿಗ್ಗೆ ಬೇಗ ಹೋಗು.